ಕಾವ್ಯಗಳ ಕಲ್ಪಿತ ದೇಶಗಳಲ್ಲಿ ನೆಲ, ಜಲ, ಗಗನಮಾರ್ಗಗಳು

ಹರಿಹರದ ಗುಡಿಯಲ್ಲಿ ನಿಂತಿರುವ ದೇವನು ಒಡಲ ಅರ್ಧದಲ್ಲಿ ಹರಿ, ಅರ್ಧದಲ್ಲಿ ಹರ. ಒಬ್ಬನ ವಾಹನ ಗರುಡ, ಇನ್ನೊಬ್ಬನದು ವೃಷಭ. ಗುಡಿಗೆ ಸಮೀಪದಲ್ಲಿಯೇ ತುಂಗಭದ್ರೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಈ ದೇವಾಲಯದ ಅಂಗಳದಲ್ಲಿ ಕುಳಿತವನಿಗೆ ಗಗನ, ನೆಲ, ಜಲವೆಂಬ ಮೂರು ಹಾದಿಗಳೂ ಒಮ್ಮೆಗೇ ನೆನಪಿಗೆ ಬರುವುದು ಸಹಜವಾಗಿದೆ. ನಮ್ಮ ಪ್ರಾಚೀನ ಕವಿಗಳು ಕಲ್ಪಿಸಿದ ದೇಶಗಳಲ್ಲಿ ಜನರು ಊರಿಂದೂರಿಗೆ ಹೇಗೆ ಹೋಗಿ ಬರುತ್ತಿದ್ದರು, ಆ ಹೋಗಿಬರುವಿಕೆಯಿಂದ ಕಾವ್ಯಕ್ಕೆ ಏನು ಲಭಿಸಿತು ಎಂಬ ಪ್ರಶ್ನೆ ಈ ಲೇಖಕನ ಮನಸ್ಸಿನಲ್ಲಿ ಎದ್ದುದು ಅಲ್ಲಿಯೇ.

ಅಷ್ಟಾದಶ ವರ್ಣನೆಗಳಲ್ಲಿ ಪ್ರಯಾಣವೂ ಒಂದೆಂದು ಲಾಕ್ಷಣಿಕರು ವಿಧಿಸಿರುವುದರಿಂದ ಅದು ಇಲ್ಲದ ಮಹಾಕಾವ್ಯ ವಿರಳ. ಸೇನೆ ಹೊರಟಾಗ ಎದ್ದ ಧೂಳು ಸೂರ್ಯನನ್ನು ಮುಚ್ಚುವುದು, ಆನೆಗಳ ಮದಜಲದಿಂದ ಆ ಧೂಳು ಅಡಗುವುದು ಇವೆಲ್ಲ ಒಬ್ಬ ಕವಿಯಿಂದ ಇನ್ನೊಬ್ಬನಿಗೆ ಕೈಬದಲಾಗಿ ಸವೆದ ನಾಣ್ಯಗಳು. ಇಂತಹ ಪದ್ಯಗಳನ್ನು ಓದುಗನು ದಾಟಿ ಮುಂದೆ ಹೋದರೆ ಅವನನ್ನು ದೂಷಿಸಲಾಗದು. ಆದರೆ ವರ್ಣನೆಯ ಭಾಗವನ್ನು ಬಿಟ್ಟು ಕಥೆಯ ಸಂಧಿಗಳನ್ನು ಪರೀಕ್ಷಿಸಿದರೆ ಬೇರೊಂದು ಸಂಗತಿ ಗೋಚರವಾಗುತ್ತದೆ. ಯಾವ ಪ್ರಯಾಣಕ್ಕೆ ಕವಿಯು ಬೆಲೆಯನ್ನು ಕಟ್ಟಿದನೋ ಅದು ಕಥೆಯಾಯಿತು; ಬೆಲೆಯಿಲ್ಲದೆ ಕೊಟ್ಟದ್ದು ಅಲಂಕಾರವಾಗಿ ಉಳಿಯಿತು.

ಜೈನಪುರಾಣಗಳ ವಿದ್ಯಾಧರಲೋಕವನ್ನು ಮೊದಲು ನೋಡೋಣ. ಅದು ಸರ್ವಾಂಗಸಂಪೂರ್ಣವಾದ ಕಲ್ಪಿತ ರಾಷ್ಟ್ರ. ವಿಜಯಾರ್ಧ ಪರ್ವತದ ದಕ್ಷಿಣಶ್ರೇಣಿಯಲ್ಲಿ ೫೦ ಪಟ್ಟಣಗಳು, ಉತ್ತರಶ್ರೇಣಿಯಲ್ಲಿ ೬೦. ಅಲ್ಲಿನ ಪ್ರಜೆಗಳೆಲ್ಲ ಗಗನಗಾಮಿಗಳು. ಪಂಪನು ೯೪೧ರಲ್ಲಿ ಮುಗಿಸಿದ ಆದಿಪುರಾಣದಲ್ಲಿ ಮಹಾಬಲನ ಅಳಕಾಪುರಿ ಇರುವುದು ಈ ದೇಶದಲ್ಲಿಯೇ. ಆದರೆ ಕಥೆ ಬಿಗಿಗೊಳ್ಳುವುದು ವಿಮಾನದಲ್ಲಲ್ಲ. ಮುಂದಿನ ಭವದಲ್ಲಿ ವಜ್ರಜಂಘ ಶ್ರೀಮತಿಯರಿಗೆ ಪುಂಡರೀಕಿಣಿಯಿಂದ ಓಲೆ ಬರುತ್ತದೆ. ತರುವವರು ಚಿಂತಾಗತಿ, ಮನೋಗತಿಯೆಂಬ ವಿದ್ಯಾಧರರು. ಅವರ ವೇಗ ಅವರ ಹೆಸರುಗಳಲ್ಲಿಯೇ ಇದೆ. ಓಲೆ ಆಕಾಶದಲ್ಲಿ ಬಂದರೂ ದಂಪತಿಗಳು ಹೊರಡಬೇಕಾದುದು ನೆಲದ ಮೇಲೆ, ಪರಿವಾರಸಮೇತರಾಗಿ, ನಡುವೆ ಬೀಡುಬಿಡುತ್ತ. ಕಾಡಿನ ಸರೋವರದ ಬಳಿಯ ಆ ಬೀಡಿಗೆ ಇಬ್ಬರು ಚಾರಣಮುನಿಗಳು ಆಹಾರಕ್ಕಾಗಿ ಆಕಾಶದಿಂದ ಇಳಿಯುತ್ತಾರೆ. ಅವರು ತಮ್ಮ ಮಕ್ಕಳೇ ಎಂಬುದು ದಾನವಿತ್ತ ಮೇಲೆ ತಂದೆತಾಯಿಗಳಿಗೆ ತಿಳಿಯುತ್ತದೆ. ಹುಲಿ, ಹಂದಿ, ಕೋತಿ, ಮುಂಗುಸಿಗಳು ಪಕ್ಕದಲ್ಲಿ ಶಾಂತವಾಗಿ ನಿಂತು ನೋಡುತ್ತಿರುತ್ತವೆ. ಗಗನದಲ್ಲಿ ನಡೆಯಬಲ್ಲವನಿಗೂ ಹಸಿವು ನೆಲದ ಮೇಲೆಯೇ ತೀರಬೇಕು. ಅಂಬರದ ಹಾದಿಯಲ್ಲಿ ಸುದ್ದಿ ಬರುತ್ತದೆ, ಅನುಗ್ರಹ ಬರುತ್ತದೆ. ಬಾಳು ಸಾಗುವುದು ಮಾತ್ರ ಬೀಡಿನಿಂದ ಬೀಡಿಗೆ.

ವಿಮಾನವನ್ನು ಕಥೆಗೆ ಒಗ್ಗಿಸಬೇಕಾದಾಗ ಜೈನಕವಿಗಳು ಮಾಡುವ ಉಪಾಯ ಒಂದೇ: ಅದನ್ನು ನಿಲ್ಲಿಸಿಬಿಡುತ್ತಾರೆ. ವಿಮಲಸೂರಿಯ ಪ್ರಾಕೃತ ಪಉಮಚರಿಯದಲ್ಲಿ ವಾಲಿಮುನಿಯು ಕೈಲಾಸದಲ್ಲಿ ತಪಸ್ಸಿನಲ್ಲಿರಲು ಮೇಲೆ ರಾವಣನ ಪುಷ್ಪಕ ತಡೆದು ನಿಲ್ಲುತ್ತದೆ. ಓಡುತ್ತಿದ್ದ ಪುಷ್ಪಕದ ಬಗ್ಗೆ ನಮಗೆ ನೆನಪಿರುವುದು ಅದರ ರತ್ನಕಾಂತಿ ಮಾತ್ರ. ನಿಂತ ಪುಷ್ಪಕದಿಂದ ರಾವಣನ ಗರ್ವವೂ ಗರ್ವಭಂಗವೂ ಹುಟ್ಟುತ್ತವೆ.

ಮೂರು ಮಾರ್ಗಗಳೂ ಒಂದೇ ಕಥೆಯಲ್ಲಿ ಕೂಡಿ ಬಂದಿರುವುದು ಚಾರುದತ್ತನ ವೃತ್ತಾಂತದಲ್ಲಿ. ಪುನ್ನಾಟಸಂಘದ ಜಿನಸೇನನು ಶಕ ೭೦೫ರಲ್ಲಿ, ಎಂದರೆ ಕ್ರಿ.ಶ. ೭೮೩ರಲ್ಲಿ, ಸಂಸ್ಕೃತದಲ್ಲಿ ಮುಗಿಸಿದ ಹರಿವಂಶದಲ್ಲಿ ಇದು ವಿಸ್ತಾರವಾಗಿದೆ. ಕವಿಯು ಬರೆದುದು ದೂರದ ವರ್ಧಮಾನಪುರದಲ್ಲಾದರೂ ಅವನ ಸಂಘಕ್ಕೆ ಹೆಸರು ಕೊಟ್ಟ ಪುನ್ನಾಡು ನಮ್ಮ ಮೈಸೂರು ಸೀಮೆಯದು. ಕನ್ನಡದಲ್ಲಿ ಕರ್ಣಪಾರ್ಯ, ನೇಮಿಚಂದ್ರ, ಬಂಧುವರ್ಮರು ಕೈಗೆತ್ತಿಕೊಂಡುದು ಇದೇ ಹರಿವಂಶದ ವಸ್ತುವನ್ನು.

ಚಂಪಾಪುರದ ವರ್ತಕ ಚಾರುದತ್ತನು ವೇಶ್ಯೆಯ ಮನೆಯಲ್ಲಿ ಹಣವನ್ನೆಲ್ಲ ಕಳೆದು, ಸೋದರಮಾವನೊಡನೆ ವ್ಯಾಪಾರಕ್ಕೆ ಹೊರಡುತ್ತಾನೆ. ಮೊದಲು ನೆಲದ ಹಾದಿ: ಹತ್ತಿಯನ್ನು ಕೊಂಡು ತಾಮ್ರಲಿಪ್ತಿಯ ಕಡೆಗೆ ಸಾಗಿಸುತ್ತಿರುವಾಗ ಕಾಡುಗಿಚ್ಚು ಅದನ್ನು ಸುಡುತ್ತದೆ. (ಹತ್ತಿಯ ಪೇಟೆಯೂ ಹತ್ತಿಯ ಗಿರಣಿಗಳೂ ಹೆಸರು ತಂದುಕೊಟ್ಟ ದಾವಣಗೆರೆಯಲ್ಲಿ ಈ ಕಥೆಯನ್ನು ಓದಿದರೆ ಕೇಳುವವರಿಗೆ ವ್ಯಾಖ್ಯಾನ ಬೇಕಾಗಲಾರದು.) ಬಳಿಕ ಜಲಮಾರ್ಗ: ಹಡಗು ಒಡೆಯುತ್ತದೆ, ಹಲಗೆಯೊಂದನ್ನು ಹಿಡಿದು ದಡ ಸೇರುತ್ತಾನೆ. ನಡುವೆ ಕಪಟಿಯೊಬ್ಬನು ರಸದ ಬಾವಿಗೆ ಇಳಿಸಿ ವಂಚಿಸಲು, ನೀರು ಕುಡಿಯಬಂದ ಉಡದ ಬಾಲವನ್ನು ಹಿಡಿದು ಮೇಲಕ್ಕೆ ಬರುತ್ತಾನೆ. ಕೊನೆಗೆ ರುದ್ರದತ್ತನೆಂಬವನ ಜೊತೆ ಸೇರಿ, ಆಡು ಮಾತ್ರ ನಡೆಯಬಲ್ಲ ಇಕ್ಕಟ್ಟಿನ ಬೆಟ್ಟದ ದಾರಿಯನ್ನು ಆಡಿನ ಬೆನ್ನಮೇಲೆಯೇ ದಾಟುತ್ತಾನೆ. ಮುಂದೆ ದಾರಿಯಿಲ್ಲ. ಆಡುಗಳನ್ನು ಕೊಂದು, ಚರ್ಮವನ್ನು ತಿರುವಿ ಅದರೊಳಗೆ ಹೊಕ್ಕು ಹೊಲಿದುಕೊಂಡರೆ ಭೇರುಂಡಪಕ್ಷಿಗಳು ಮಾಂಸವೆಂದು ಬಗೆದು ರತ್ನದ್ವೀಪಕ್ಕೆ ಎತ್ತಿಕೊಂಡು ಹೋಗುತ್ತವೆ; ಅಲ್ಲಿ ಕತ್ತಿಯಿಂದ ತೊಗಲನ್ನು ಸೀಳಿ ಹೊರಬೀಳಬೇಕು. ಚಾರುದತ್ತನು ಬೇಡವೆಂದು ತಡೆದರೂ ರುದ್ರದತ್ತನು ಕೇಳುವುದಿಲ್ಲ. ತನ್ನನ್ನು ಹೊತ್ತು ತಂದ ಆಡು ಸಾಯುತ್ತಿರುವಾಗ ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳುವುದಷ್ಟೆ ಅವನಿಂದ ಆಗುತ್ತದೆ.

ಬಳ್ಳಿಗಾವೆಯ ೧೦೪೭ರ ಕಂಬದ ಮೇಲೆ, ಮೈಸೂರಿನ ಲಾಂಛನದಲ್ಲಿ ಪ್ರತಾಪದ ಗುರುತಾಗಿರುವ ಪಕ್ಷಿಯ ಹೆಸರೇ ಇಲ್ಲಿ ವರ್ತಕನ ವಾಹನಕ್ಕೂ ಬಂದಿದೆ. ಆದರೆ ಈ ಗಗನಯಾನದಲ್ಲಿ ಪ್ರತಾಪದ ಗಂಧವೂ ಇಲ್ಲ. ರಕ್ತದ ನಾತ, ಕತ್ತಲೆ, ಉಸಿರುಕಟ್ಟು, ಜೊತೆಗೆ ಉಪಕಾರಿಯಾದ ಪ್ರಾಣಿಯೊಂದರ ತೊಗಲಲ್ಲಿ ತಾನು ಬದುಕಿರುವೆನೆಂಬ ಅರಿವು. ರತ್ನದ್ವೀಪದಲ್ಲಿ ಚಾರುದತ್ತನು ಮುನಿಯೊಬ್ಬನ ಬಳಿ ಕುಳಿತಿರುವಾಗ ಆ ಆಡು ದೇವನಾಗಿ ಹುಟ್ಟಿ ಬರುತ್ತದೆ. ಬಂದು ಮುನಿಗಿಂತ ಮೊದಲು ಚಾರುದತ್ತನಿಗೆ ನಮಸ್ಕರಿಸುತ್ತದೆ. ಸುತ್ತಲಿನವರು ಈ ಕ್ರಮಭಂಗಕ್ಕೆ ಬೆರಗಾಗುತ್ತಾರೆ. ಧರ್ಮವನ್ನು ಮೊದಲು ಕೊಟ್ಟವನು ಈತನೆಂಬುದು ದೇವನು ಕೊಡುವ ಕಾರಣ. ವಿದ್ಯಾಧರರು ತಮ್ಮ ವಿಮಾನದಲ್ಲಿ ಚಾರುದತ್ತನನ್ನು ಚಂಪೆಗೆ ಮುಟ್ಟಿಸುವುದು ಇದೆಲ್ಲ ನಡೆದಾದ ಮೇಲೆ. ಆ ವಿಮಾನ ನಮಗೆ ಬರಿಯ ಅಲಂಕಾರವಾಗಿ ಕಾಣದಿರುವುದಕ್ಕೆ ಕಾರಣವಿಷ್ಟೆ: ಅದರ ಬಾಡಿಗೆಯನ್ನು ಹತ್ತಿ, ಹಡಗು, ಆಡುಗಳ ರೂಪದಲ್ಲಿ ಮೊದಲೇ ತೆತ್ತಾಗಿದೆ. ಕವಿಯು ವಾಹನಗಳನ್ನು ಅಣಿಗೊಳಿಸಿದ ಈ ಅನುಕ್ರಮವು ಆಕಸ್ಮಿಕವೆಂದು ಈ ಲೇಖಕನಿಗೆ ತೋರುವುದಿಲ್ಲ.

ಇನ್ನು ಪಟ್ಟಣದ ಬೀದಿ. ಷಡಕ್ಷರಿಯು ೧೭ನೆಯ ಶತಮಾನದಲ್ಲಿ ರಚಿಸಿದ ರಾಜಶೇಖರವಿಲಾಸದ ಧರ್ಮವತಿಯೂ ಕಲ್ಪನೆಯ ಊರೇ. ಅರಸು ಸತ್ಯೇಂದ್ರಚೋಳ. ಜನಸಂದಣಿಯ ಬೀದಿಯಲ್ಲಿ ಕುದುರೆ ಓಡಿಸಬಾರದೆಂಬುದು ಅಲ್ಲಿನ ಕಟ್ಟಳೆ. ಅರಸುಮಗ ರಾಜಶೇಖರನೂ ಮಂತ್ರಿಯ ಮಗ ಮಿತವಚನನೂ ಸಿಂಧುದೇಶದಿಂದ ಬಂದ ಕುದುರೆಗಳನ್ನೇರಿ ಬೀದಿಗಿಳಿಯುತ್ತಾರೆ. ತಿರುಕೊಳವಿನಾಚಿಯ ಎಳೆಯ ಮಗ ಶಂಕರನು ಗೊರಸಿನಡಿ ಸಿಕ್ಕಿ ಸಾಯುತ್ತಾನೆ. ತಾಯಿ ಅರಮನೆಗೆ ಬಂದು ನ್ಯಾಯ ಕೇಳುತ್ತಾಳೆ. ಅರಸನು ಮಗನಿಗೆ ಮರಣದಂಡನೆ ವಿಧಿಸುತ್ತಾನೆ. ತಿರುವಾರೂರಿನ ಮನುಚೋಳನ ಮಗನ ರಥಕ್ಕೆ ಕರು ಸಿಕ್ಕಿದ ತಮಿಳು ಕಥೆಯ ನೆನಪು ಇಲ್ಲಿ ಆಗದೆ ಇರದು. ಆದರೆ ಕರುವಿನ ಸ್ಥಾನದಲ್ಲಿ ಕೂಸನ್ನೂ ಹಸುವಿನ ಸ್ಥಾನದಲ್ಲಿ ಮಾತುಬಲ್ಲ ತಾಯಿಯನ್ನೂ ಇರಿಸಿದ್ದರಿಂದ ಷಡಕ್ಷರಿಗೆ ಶೋಕವನ್ನು ಅದರ ಸ್ವಂತ ನುಡಿಯಲ್ಲಿ ಕೇಳಿಸುವ ಅವಕಾಶ ದೊರೆಯಿತು. ಅವನ ಕಾವ್ಯದಲ್ಲಿ ಎಲ್ಲಕ್ಕೂ ಮಿಗಿಲಾದುದು ಆ ಭಾಗ. ಕಡೆಗೆ ಶಿವನು ಪ್ರತ್ಯಕ್ಷನಾಗಿ ಸತ್ತವರನ್ನೆಲ್ಲ ಎಬ್ಬಿಸುತ್ತಾನೆ. ಭಕ್ತಿಕಾವ್ಯಕ್ಕೆ ಅದು ಉಚಿತವೇ, ಆದರೆ ತೆತ್ತ ಬೆಲೆ ಮರಳಿ ಕೈಸೇರಿದಂತಾಗಿ ದುಃಖದ ಭಾರ ತುಸು ಹಗುರವಾಗುತ್ತದೆಂಬುದನ್ನು ಮರೆಮಾಚಬೇಕಾಗಿಲ್ಲ.

ಈ ಕವಿಗಳಿಗೆ ಪ್ರಯಾಣದ ಭಾರ ಎಲ್ಲಿಂದ ತಿಳಿಯಿತೆಂದು ಕೇಳುವವರು ಯಾವುದಾದರೊಂದು ಹೊಳೆಯ ದಡದಲ್ಲಿ ನಿಂತು ನೋಡಿದರೆ ಸಾಕು. ಹರಿದ್ರೆಯು ತುಂಗಭದ್ರೆಯನ್ನು ಕೂಡುವ ಹರಿಹರಕ್ಕೆ ಶಾಸನಗಳಲ್ಲಿ ಕೂಡಲೂರೆಂಬ ಹೆಸರುಂಟು. ೧೮೬೮ರಲ್ಲಿ ಸೇತುವೆ ಮುಗಿಯುವವರೆಗೆ ಮಳೆಗಾಲದಲ್ಲಿ ಇಲ್ಲಿ ಹೊಳೆ ದಾಟಿಸುತ್ತಿದ್ದುದು ಹರಿಗೋಲು. ಬಿದಿರಿನ ಬುಟ್ಟಿಗೆ ದನದ ತೊಗಲನ್ನು ಹೊದಿಸಿದ ಆ ದುಂಡು ದೋಣಿಯಲ್ಲಿ ಕುಳಿತವನೂ ಚಾರುದತ್ತನಂತೆ ಸತ್ತ ಪ್ರಾಣಿಯೊಂದರ ಚರ್ಮದೊಳಗೆ ದಡ ಸೇರುತ್ತಿದ್ದನಷ್ಟೆ! ಹದಿನಾಲ್ಕು ಕಿಲೋಮೀಟರು ದೂರದ ದಾವಣಗೆರೆಯ ಹೆಸರಿಗೆ ಜನರು ಹೇಳುವ ವಿವರಣೆಗಳು ಎರಡು: ದನ ಕುದುರೆಗಳನ್ನು ಸಾಲಾಗಿ ಕಟ್ಟುವ ದಾವಣಿಯಿಂದ ಬಂದುದೆಂದು ಕೆಲವರು, ದಣಿದವರು ನೀರು ಕುಡಿದ ಕೆರೆಯಿಂದ ಬಂದುದೆಂದು ಕೆಲವರು. ಶಬ್ದಶಾಸ್ತ್ರವು ಎರಡನ್ನೂ ಒಪ್ಪದಿರಬಹುದು. ಆದರೂ ಹೈದರಾಲಿಯು ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ ವರ್ತಕರು ಬಂದು ನೆಲಸಿ ಬೆಳೆಸಿದ ಊರಿಗೆ ಹೇರೆತ್ತಿನ ದಣಿವಿನಲ್ಲಿಯೇ ಜನರು ಅರ್ಥವನ್ನು ಹುಡುಕಿದ್ದಾರೆಂಬುದು ಗಮನಾರ್ಹ. ವಿಮಾನವನ್ನೇರಲು ಇಲ್ಲಿಯವರು ಇಂದಿಗೂ ಶಿವಮೊಗ್ಗೆಗೋ ಹುಬ್ಬಳ್ಳಿಗೋ ನೆಲದ ಮೇಲೆಯೇ ಹೋಗಬೇಕು.

ಈ ವಿಚಾರಕ್ಕೆ ಪ್ರತಿಯಾಗಿ ನಿಲ್ಲುವ ಗ್ರಂಥವೊಂದುಂಟು. ಆನೇಕಲ್ಲಿನ ಸುಬ್ಬರಾಯಶಾಸ್ತ್ರಿಗಳು ೧೯೧೮ರಿಂದ ೧೯೨೩ರವರೆಗೆ ಹೇಳಿ ಬರೆಯಿಸಿದ ವೈಮಾನಿಕಶಾಸ್ತ್ರ. ಭರದ್ವಾಜಮುನಿಯ ಹೆಸರಿನಲ್ಲಿ ಪ್ರಚುರವಾಗಿ, ೧೯೭೩ರಲ್ಲಿ ಮೈಸೂರಿನ ಜಿ. ಆರ್. ಜೋಸಯರ್ ಅವರಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು. ಅದರ ತ್ರಿಪುರವಿಮಾನಕ್ಕೆ ಮೂರು ಆವರಣಗಳು. ಒಂದು ನೆಲದಲ್ಲಿ, ಒಂದು ಜಲದಲ್ಲಿ, ಒಂದು ಗಗನದಲ್ಲಿ ಸಂಚರಿಸತಕ್ಕದ್ದು. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಈ ಗ್ರಂಥವನ್ನು ಪರೀಕ್ಷಿಸಿ, ಭಾಷೆಯು ಪ್ರಾಚೀನವಲ್ಲವೆಂದೂ ಅಲ್ಲಿ ಹೇಳಿದ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ವಿಜ್ಞಾನದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಸಾಹಿತ್ಯದ ಪ್ರಶ್ನೆ ಉಳಿದಿದೆ. ಏಕೆಂದರೆ ಪುರಾಣದ ವಿಮಾನಗಳಿಗೆ ಸಾಕ್ಷಿಯೆಂದು ಈ ಗ್ರಂಥವನ್ನು ತೋರಿಸುವವರು ಇಂದಿಗೂ ಇದ್ದಾರೆ. ಹಾಗೆ ಮಾಡುವುದರಿಂದ ಕವಿಗಳಿಗೆ ಗೌರವ ಸಲ್ಲುವುದೆಂದು ಅವರ ಎಣಿಕೆ. ಜಿನಸೇನನ ಭೇರುಂಡವು ಪ್ರಾಚೀನರ ಯಂತ್ರವಾಗಿತ್ತೆಂದು ಸಾಧಿಸಿದರೆ ಆಡಿನ ಚರ್ಮವು ಪ್ರಯಾಣಿಕರ ಆಸನವಾದೀತು. ಚಾರುದತ್ತನು ಅದರ ಕಿವಿಯಲ್ಲಿ ಹೇಳಿದ ಮಾತಿಗೆ ಎಡೆಯೇ ಇರದು. ತ್ರಿಪುರವಿಮಾನದ ಗ್ರಂಥದಲ್ಲಿ ಲೋಹಗಳ ಹೆಸರುಗಳುಂಟು, ದರ್ಪಣಗಳ ಲಕ್ಷಣಗಳುಂಟು, ಚಾಲಕನು ಏನುಣ್ಣಬೇಕು, ಏನುಡಬೇಕೆಂಬ ವಿಧಿಯೂ ಉಂಟು. ಅದರಲ್ಲಿ ಕುಳಿತು ಹೊರಟವನೊಬ್ಬನೂ ಇಲ್ಲ. ಅವನಿಗಾಗಿ ಚಂಪೆಯಲ್ಲಿ ಕಾದಿರುವ ತಾಯಿಯೂ ಇಲ್ಲ.