ಮೈಕಿನ ಮುಂದೆ ಮೂವರ ತಕರಾರು

ಬಿಬಿಸಿ ರೇಡಿಯೊ 4ರಲ್ಲಿ 1998ರಿಂದ 2021ರವರೆಗೆ ನಡೆದ ‘ಸ್ಯಾಟರ್ಡೇ ರಿವ್ಯೂ’ ಕಾರ್ಯಕ್ರಮದ ಏರ್ಪಾಡು ತೀರಾ ಸರಳ. ನಡೆಸಿಕೊಡುವವರು ಹೆಚ್ಚಾಗಿ ಟಾಮ್ ಸಟ್‌ಕ್ಲಿಫ್, ಎದುರಿಗೆ ಮೂವರು, ಆ ವಾರದ ಒಂದು ಸಿನಿಮಾ, ಒಂದು ನಾಟಕ, ಒಂದು ಪುಸ್ತಕ, ಒಂದು ಕಲಾಪ್ರದರ್ಶನ, ಜೊತೆಗೆ ಟಿವಿಯ ಏನಾದರೊಂದು. ಮೂವರೂ ಎಲ್ಲವನ್ನೂ ನೋಡಿ, ಓದಿ ಬಂದಿರಬೇಕು. ಕಾದಂಬರಿ ಬರೆಯುವವರು ಚಿತ್ರಕಲೆಯ ಬಗ್ಗೆ ಬಾಯಿಬಿಡಲೇಬೇಕು, ಇತಿಹಾಸದ ಮೇಷ್ಟರು ಸಿನಿಮಾದ ಬಗ್ಗೆ. ತನ್ನ ಹೊಲದಲ್ಲಿ ಗತ್ತಿನಿಂದ ಓಡಾಡುವ ಪಂಡಿತ ಪಕ್ಕದ ಹೊಲದಲ್ಲಿ ಕಾಲೂರಲು ತಡಕಾಡುವುದನ್ನು ಕೇಳುವುದೇ ಅದರ ಸೊಗಸು.

ಇದು ಹೊಸ ಕಸುಬೇನಲ್ಲ. 1947ರಲ್ಲಿ ಶುರುವಾದ ‘ದಿ ಕ್ರಿಟಿಕ್ಸ್’ 1969ರವರೆಗೆ ನಡೆಯಿತು. ಆಮೇಲೆ 1974ರಿಂದ 1990ರವರೆಗೆ ರೇಡಿಯೊ 3ರ ‘ಕ್ರಿಟಿಕ್ಸ್ ಫೋರಂ’ ಬಂತು. ಅದರ ನಿರ್ಮಾಪಕ ಫಿಲಿಪ್ ಫ್ರೆಂಚ್ ಸ್ವತಃ ಹೆಸರಾಂತ ಸಿನಿಮಾ ವಿಮರ್ಶಕ.

ಈ ಮಾದರಿಯ ಮಾತುಕತೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಕಲಾಪ್ರದರ್ಶನದ ಭಾಗ. ಕೇಳುವವನಿಗೆ ಚಿತ್ರ ಕಾಣದು. ಹಾಗಾಗಿ ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವ ಮೊದಲು ಅಲ್ಲಿ ಏನಿದೆ ಎಂದು ಹೇಳಬೇಕು: ಕ್ಯಾನ್ವಾಸ್ ಎಷ್ಟು ದೊಡ್ಡದು, ಬಣ್ಣ ಮೆತ್ತಿದೆಯೋ ತೆಳುವಾಗಿ ಹರಿದಿದೆಯೋ, ಮುಂದೆ ನಿಂತಾಗ ಹತ್ತಿರ ಹೋಗಬೇಕೆನಿಸುತ್ತದೆಯೋ ಹಿಂದೆ ಸರಿಯಬೇಕೆನಿಸುತ್ತದೆಯೋ. ಪಕ್ಕದವರು ಅಲ್ಲಿಗೇ ತಡೆದು, ‘ನನಗೆ ಹಾಗೆ ಕಾಣಲಿಲ್ಲವಲ್ಲ’ ಅಂದರೆ ವಿಮರ್ಶೆ ಆಗ ಹುಟ್ಟುತ್ತದೆ. ಪುಸ್ತಕದ ಸರದಿ ಬಂದಾಗ ಮಾತು ಜಾಳಾಗುತ್ತದೆ. ಕಥೆ ಬಿಟ್ಟುಕೊಡುವ ಭಯಕ್ಕೆ ಎಲ್ಲರೂ ವಿಶೇಷಣಗಳ ಹಿಂದೆ ಅಡಗುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಇಷ್ಟು ಕೃತಿಗಳೆಂದರೆ ತಲಾ ಹತ್ತು ನಿಮಿಷವೂ ದಕ್ಕುವುದಿಲ್ಲ, ಜಗಳ ಕಾವೇರುವ ಹೊತ್ತಿಗೆ ಗಡಿಯಾರ ನೋಡಿಕೊಳ್ಳಬೇಕು. ನಾಟಕಗಳಂತೂ ಬಹುಪಾಲು ಲಂಡನ್ನಿನವು. ದೂರದೂರಿನ ಕೇಳುಗರಿಗೆ ಈ ಮೂವರ ತಕರಾರೇ ನಾಟಕ!

ಇದಕ್ಕೆ ಪೂರಾ ವಿರುದ್ಧವಾದ ಒಂದು ಪ್ರಯೋಗ ನಡೆದದ್ದು ನಮಗಾಗಿಯೇ. ಯುದ್ಧಕಾಲದಲ್ಲಿ ಬಿಬಿಸಿಯ ಈಸ್ಟರ್ನ್ ಸರ್ವಿಸ್‌ನಲ್ಲಿ ನೌಕರಿಗಿದ್ದ ಜಾರ್ಜ್ ಆರ್ವೆಲ್ ಭಾರತದ ಕೇಳುಗರಿಗೆಂದು ‘ವಾಯ್ಸ್’ ಎಂಬ ಬಾನುಲಿ ಸಾಹಿತ್ಯ ಪತ್ರಿಕೆ ನಡೆಸಿದ. ಅದು ಶುರುವಾದದ್ದು 1942ರ ಆಗಸ್ಟ್‌ನಲ್ಲಿ, ಇಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕೂಗೆದ್ದ ಅದೇ ತಿಂಗಳು. ಮುಲ್ಕ್ ರಾಜ್ ಆನಂದ್, ವಿಲಿಯಂ ಎಂಪ್ಸನ್, ಹರ್ಬರ್ಟ್ ರೀಡ್ ಕೂತು ಪದ್ಯ ಓದಿ, ಅದರ ಬಗ್ಗೆ ಹರಟುತ್ತಿದ್ದರು. ಹರಟೆ ಎಂದರೆ ಪೂರ್ತಿ ಬರೆದಿಟ್ಟ ಹರಟೆ. ಸೆನ್ಸಾರ್ ಇದ್ದದ್ದರಿಂದ ನಡುವೆ ಬಾಯಿ ಹಾಕುವುದೂ ಕಾಗದದ ಮೇಲೆ ಮೊದಲೇ ಬರೆದಿರಬೇಕಿತ್ತು. ಬರೆದಿಟ್ಟ ಕಾರಣಕ್ಕೇ ಅದು ಉಳಿಯಿತು ಅನ್ನಿ. ಡಬ್ಲ್ಯು. ಜೆ. ವೆಸ್ಟ್ ಆ ಬರಹಗಳನ್ನು ಹುಡುಕಿ ತೆಗೆದು 1985ರಲ್ಲಿ ಪ್ರಕಟಿಸಿದರು. ಆರ್ವೆಲ್‌ನ ದನಿಯ ಒಂದೇ ಒಂದು ಮುದ್ರಿಕೆ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಈಗ ಓದಿದರೆ ಬುದ್ಧಿವಂತಿಕೆಗೆ ಕೊರತೆಯಿಲ್ಲ, ಆದರೆ ಯಾರೂ ಯಾರ ಮಾತಿಗೂ ಬೆಚ್ಚುವುದಿಲ್ಲ, ಯಾರೂ ಮಧ್ಯದಲ್ಲಿ ಮನಸ್ಸು ಬದಲಿಸುವುದಿಲ್ಲ.

ನಮ್ಮ ಆಕಾಶವಾಣಿಯ ಸಾಹಿತ್ಯ ಸಂವಾದಗಳು ಬಹುಮಟ್ಟಿಗೆ ಈ ‘ವಾಯ್ಸ್’ ವಂಶದವು ಎಂದು ನನಗನ್ನಿಸುತ್ತದೆ. ಯುದ್ಧ ಮುಗಿದು ಎಷ್ಟೋ ಕಾಲವಾಯಿತು, ಹಾಳೆ ಮಾತ್ರ ಕೈಬಿಟ್ಟಿಲ್ಲ. ಹಾಳೆ ಇಲ್ಲದ ಕಡೆ ಸಂಕೋಚವಿದೆ. ಹಿರಿಯ ಸಾಹಿತಿಯನ್ನು ಕೂರಿಸಿ, ‘ತಮ್ಮ ಬಾಲ್ಯ ಹೇಗಿತ್ತು ಸರ್’ ಎಂದು ಆರಂಭಿಸಿ, ಪ್ರಶಸ್ತಿಗಳ ಪಟ್ಟಿಯೊಂದಿಗೆ ಮುಗಿಸುವುದು ದಾಖಲೆಯಾಗಿ ಬೆಲೆಯುಳ್ಳದ್ದೇ, ವಿಮರ್ಶೆಯಾಗಿ ಅಲ್ಲ. ಪುಸ್ತಕ ಪರಿಚಯ ಎಂಬ ಪ್ರಕಾರವಂತೂ ಪರಿಚಯದ ಗಡಿ ದಾಟುವುದೇ ಅಪರೂಪ. ನಿಲಯದ ಭಾಷಣ ವಿಭಾಗದಲ್ಲಿ ಎಂಥೆಂಥ ಓದುಗರಿದ್ದರು, ಇದ್ದಾರೆ. ಆದರೂ ಒಬ್ಬರೇ ಓದಿ, ಒಬ್ಬರೇ ಒಪ್ಪಿ, ಒಬ್ಬರೇ ಹೊಗಳುವ ಏರ್ಪಾಡಿನಲ್ಲಿ ಅವರ ಓದು ಕಿವಿಗೆ ಬೀಳುವುದಿಲ್ಲ.

ಕನ್ನಡದವರಿಗೆ ಎದುರುಬದುರು ಕೂತು ವಾದಿಸಲು ಬರುವುದಿಲ್ಲ ಎಂದೇನೂ ಅಲ್ಲ. ಹೆಗ್ಗೋಡಿನಲ್ಲಿ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಹೋದವರಿಗೆ ಗೊತ್ತು, ಹಿಂದಿನ ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಹೇಗೆ ಬಿಚ್ಚಿ ಹರವುತ್ತಾರೆಂದು. ನಿರ್ದೇಶಕ ಎದುರಿಗೇ ಇದ್ದರೂ ಎರಡನೇ ಅಂಕ ಎಳೆಯಿತು ಎನ್ನಲು ಯಾರೂ ಹಿಂಜರಿಯುವುದಿಲ್ಲ. ಅಂಥವರಲ್ಲೇ ಮೂವರನ್ನು ಒಂದು ನಾಟಕಕ್ಕೆ ಕಳಿಸಿ, ಮರುದಿನ ಸ್ಟುಡಿಯೋದಲ್ಲಿ ಕೂರಿಸಿ, ಕೈಯಲ್ಲಿರುವ ಹಾಳೆಯನ್ನು ಬಾಗಿಲಲ್ಲೇ ತೆಗೆದುಕೊಂಡರೆ ಅರ್ಧ ಗಂಟೆ ಸಾಲದೇ ಹೋದೀತು.