ಕೊಲೆಗಾರ ಯಾರೆಂದು ಗೊತ್ತಾದ ಮೇಲೆ: ಹಳೆಯ ಕನ್ನಡ ಥ್ರಿಲ್ಲರ್‌ಗಳನ್ನು ನೋಡುವ ಬಗೆ

ನಮ್ಮೂರ ಟಾಕೀಸಿನಲ್ಲಿ ಮ್ಯಾಟಿನಿ ಮುಗಿಸಿ ಹೊರಬರುವವರಿಗೂ ಫಸ್ಟ್ ಶೋ ಟಿಕೆಟಿಗೆ ಸಾಲು ನಿಂತವರಿಗೂ ನಡುವೆ ಇದ್ದದ್ದು ಒಂದು ಕಬ್ಬಿಣದ ಕಂಬಿ. ಸಸ್ಪೆನ್ಸ್ ಸಿನಿಮಾ ಬಂದ ವಾರ ಆ ಕಂಬಿಯ ಪಕ್ಕ ಯಾರಾದರೊಬ್ಬ ಹುಡುಗ ನಿಂತು, ಕೊಲೆ ಮಾಡಿದ್ದು ಇಂಥವನೇ ಎಂದು ಕೂಗಿ ಓಡಿಬಿಡುತ್ತಿದ್ದ. ಸಾಲಿನಲ್ಲಿದ್ದವರು ಬಾಯಿತುಂಬ ಬೈಯುತ್ತಿದ್ದರು. ಆದರೆ ಅದಕ್ಕಾಗಿ ಸಾಲು ಬಿಟ್ಟು ಮನೆಗೆ ಹೋದವರನ್ನು ನಾನು ಒಬ್ಬರನ್ನೂ ಕಾಣಲಿಲ್ಲ. ಗುಟ್ಟು ಬಯಲಾದ ಮೇಲೂ ಇವರು ಒಳಗೆ ಹೋಗುವುದು ಏನನ್ನು ನೋಡಲು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ. ಈಗ ಆ ಚಿತ್ರಗಳನ್ನು ಒಂದೊಂದಾಗಿ ಮತ್ತೆ ನೋಡುತ್ತಿರುವಾಗ, ಥ್ರಿಲ್ಲರನ್ನು ಸವಿಯುವ ಬಗೆ ಆ ಸಾಲಿನವರಿಗೆ ಚೆನ್ನಾಗಿಯೇ ತಿಳಿದಿತ್ತು ಅನ್ನಿಸುತ್ತದೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಗದಾಯುದ್ಧ’ ಪ್ರಸಂಗಕ್ಕೆ ಕೂತವರಲ್ಲಿ ಕೌರವನ ತೊಡೆ ಮುರಿಯುತ್ತದೆಂದು ಗೊತ್ತಿಲ್ಲದವರು ಯಾರಿದ್ದಾರೆ? ಆದರೂ ಬೆಳಗಿನ ಜಾವದವರೆಗೆ ಕೂರುತ್ತಾರೆ. ಸರೋವರದಿಂದ ಎದ್ದು ಬರುವ ಕೌರವ ಈ ಸಲ ಹೇಗೆ ಬರುತ್ತಾನೆ, ಅರ್ಥಧಾರಿ ಯಾವ ಮಾತನ್ನು ನುಂಗಿ ಯಾವುದನ್ನು ಆಡುತ್ತಾನೆ, ಭಾಗವತರು ಎಲ್ಲಿ ಪದ ಎಳೆಯುತ್ತಾರೆ ಎಂಬುದಕ್ಕಾಗಿ ಕಾಯುತ್ತಾರೆ. ಕತೆ ಗೊತ್ತಿದ್ದವನಿಗೇ ಕಟ್ಟುವಿಕೆ ಕಾಣುತ್ತದೆ. ಹಳೆಯ ಥ್ರಿಲ್ಲರನ್ನೂ ಹೀಗೇ ನೋಡಬೇಕು, ಎರಡು ಸಲ. ಮೊದಲ ಸಲ ನಿರ್ದೇಶಕ ಕರೆದಲ್ಲಿಗೆ ಹೋಗಿ. ಎರಡನೆಯ ಸಲ ಅವನು ನಿಮ್ಮನ್ನು ಕರೆದುಕೊಂಡು ಹೋದದ್ದು ಹೇಗೆಂದು ನೋಡಿ.

ಈ ಎರಡನೆಯ ನೋಟವನ್ನು ನಮ್ಮ ಪತ್ತೇದಾರಿ, ಭಯ, ಸಾಹಸದ ಚಿತ್ರಗಳಿಗೆ ನಾವು ಹೆಚ್ಚಾಗಿ ಕೊಡಲೇ ಇಲ್ಲ. 1970ರ ‘ಸಂಸ್ಕಾರ’ದ ನಂತರ ಹೊಸ ಅಲೆಯ ಚಿತ್ರಗಳ ಬಗ್ಗೆ ಲೇಖನಗಳು, ಚರ್ಚೆಗಳು ಬಂದವು. ಅದು ಆಗಬೇಕಾದದ್ದೇ. ಸಂಸಾರದ ಚಿತ್ರಗಳು ಮನೆಮನೆಯ ಮಾತಾದವು. ಥ್ರಿಲ್ಲರು ಮಾತ್ರ ಒಮ್ಮೆ ನೋಡಿ ಬಿಡುವ ಸರಕಾಯಿತು. ಪುಸ್ತಕಗಳಲ್ಲೂ ಹೀಗೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದವರು ದೊಡ್ಡವರಾದ ಮೇಲೆ ಅವನ ಹೆಸರೆತ್ತಲು ಸಂಕೋಚಪಟ್ಟರು. ‘ಬಂಗಾರದ ಮನುಷ್ಯ’ದ ಮೂಲ ಕಾದಂಬರಿ ಬರೆದ ಟಿ.ಕೆ. ರಾಮರಾಯರು ಪತ್ತೇದಾರಿ ಕಾದಂಬರಿಗಳ ದೊಡ್ಡ ಲೇಖಕರು ಎಂಬುದು ಎಷ್ಟು ಜನಕ್ಕೆ ನೆನಪಿದೆ? ಮಣ್ಣಿನ ಕತೆಯನ್ನೂ ಕೊಲೆಯ ಕತೆಯನ್ನೂ ಬರೆದದ್ದು ಒಂದೇ ಕೈ. ನಾವು ಒಂದನ್ನು ತಲೆಯ ಮೇಲಿಟ್ಟುಕೊಂಡು ಇನ್ನೊಂದನ್ನು ಅಟ್ಟಕ್ಕೆ ಹಾಕಿದೆವು.

ಹೊಸದಾಗಿ ನೋಡುವವರಿಗೆ ನಾನು ಮೊದಲು ಹೇಳುವ ಹೆಸರು ‘ತರ್ಕ’. ಸುನಿಲ್ ಕುಮಾರ್ ದೇಸಾಯಿಯವರ ಮೊದಲ ಚಿತ್ರ, 1989ರದ್ದು. ಶಂಕರ್ ನಾಗ್, ದೇವರಾಜ್, ವನಿತಾ ವಾಸು ಮುಖ್ಯ ಪಾತ್ರಗಳಲ್ಲಿದ್ದಾರೆ. ಹಾಡಿಲ್ಲ. ಆ ಕಾಲದ ವ್ಯಾಪಾರಿ ಚಿತ್ರವೊಂದರಲ್ಲಿ ಹಾಡು ಬಿಡುವುದೆಂದರೆ ಊಟದಲ್ಲಿ ಸಾರು ಬಿಟ್ಟ ಹಾಗೆ. ಹೊಸ ನಿರ್ದೇಶಕನೊಬ್ಬ ಅದಕ್ಕೆ ಧೈರ್ಯ ಮಾಡಿದ. ಹಾಡಿಲ್ಲದ್ದರಿಂದ ಏನಾಯಿತು ಎಂಬುದನ್ನು ಗಮನಿಸಿ: ಪ್ರೇಕ್ಷಕನಿಗೆ ಉಸಿರು ಬಿಡಲು ಜಾಗವೇ ಸಿಗುವುದಿಲ್ಲ. ಸಾಮಾನ್ಯ ಚಿತ್ರದಲ್ಲಿ ಬಿಗಿಯಾದ ದೃಶ್ಯವೊಂದು ಬಂದರೆ ಅದರ ಹಿಂದೆಯೇ ಹಾಡು ಬರುತ್ತದೆ, ಗಾಂಧಿ ಕ್ಲಾಸಿನವರು ಬೀಡಿ ಹಚ್ಚಲು ಎದ್ದು ಹೋಗುತ್ತಾರೆ. ಇಲ್ಲಿ ಏಳಲು ಆಗುವುದಿಲ್ಲ.

‘ತರ್ಕ’ದಲ್ಲಿ ಪಾತ್ರಗಳು ಕೆಲವೇ. ಹಾಗಾಗಿ ಮೊದಲ ನೋಟದಲ್ಲಿ ನಿಮ್ಮ ಅನುಮಾನ ಒಬ್ಬರಿಂದ ಇನ್ನೊಬ್ಬರಿಗೆ ಹೊರಳುತ್ತಲೇ ಇರುತ್ತದೆ. ಎರಡನೆಯ ಸಲ ನೋಡುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಮಾತಾಡುತ್ತಿರುವವರನ್ನು ನೋಡಬೇಡಿ, ಕೇಳಿಸಿಕೊಳ್ಳುತ್ತಿರುವವರನ್ನು ನೋಡಿ. ಥ್ರಿಲ್ಲರಿನಲ್ಲಿ ಮಾತು ಸುಳ್ಳಾಗಿರಬಹುದು. ಒಳ್ಳೆಯ ನಟ ಸುಮ್ಮನೆ ಕೇಳುತ್ತ ನಿಂತಾಗ ಮಾತ್ರ ನಿಜವನ್ನು ಕೊಂಚ ಬಿಟ್ಟುಕೊಡುತ್ತಾನೆ. ಶಂಕರ್ ನಾಗ್ ಎಂದರೆ ಆಟೋಗಳ ಹಿಂದೆ ಅಂಟಿಸಿದ ನಗುಮುಖ ಅಂದುಕೊಂಡವರು ಅವರನ್ನು ಇಲ್ಲಿ ನೋಡಬೇಕು. ಮರುವರ್ಷವೇ ಇದು ತಮಿಳಿನಲ್ಲಿ ‘ಪುರಿಯಾದ ಪುದಿರ್’ ಆಯಿತು. ಕೆ.ಎಸ್. ರವಿಕುಮಾರ್ ನಿರ್ದೇಶಕರಾದದ್ದು ಆ ಚಿತ್ರದಿಂದ. ಬೇರೆ ಭಾಷೆಯ ಚಿತ್ರಗಳನ್ನು ತಂದುಕೊಂಡೇ ಕನ್ನಡ ಬದುಕಿತು ಎನ್ನುವವರಿಗೆ ಇದನ್ನು ನೆನಪಿಸಬೇಕು.

ಗುಟ್ಟೇ ಇಲ್ಲದೆ ಥ್ರಿಲ್ಲರ್ ಆಗಬಹುದೇ? ಆಗಬಹುದು ಎನ್ನುವುದಕ್ಕೆ ಶಂಕರ್ ನಾಗ್ ಅವರೇ ನಿರ್ದೇಶಿಸಿದ ‘ಆಕ್ಸಿಡೆಂಟ್’ ಇದೆ. ನನ್ನ ಮಟ್ಟಿಗೆ ಕನ್ನಡದ ಅತ್ಯಂತ ಗಟ್ಟಿ ಥ್ರಿಲ್ಲರ್ ಇದೇ. ಪ್ರಬಲ ರಾಜಕಾರಣಿಯ ಮಗ ಮತ್ತಿನಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹರಿಸುತ್ತಾನೆ. ಯಾರು ಕೊಂದರೆಂದು ಶುರುವಿನಲ್ಲೇ ನಮಗೆ ಗೊತ್ತು. ಕೊಂದವನಿಗೆ ಗೊತ್ತು, ಅವನ ಅಪ್ಪನಿಗೆ ಗೊತ್ತು. ಹಾಗಾದರೆ ಎದೆ ಬಡಿದುಕೊಳ್ಳುವುದು ಯಾಕೆ? ಗೊತ್ತಿರುವ ಸತ್ಯ ಹೊರಗೆ ಬರುತ್ತದೋ ಇಲ್ಲವೋ ಎಂದು. ಅದರ ಬೆನ್ನು ಹತ್ತುವ ಪತ್ರಕರ್ತನಾಗಿ ಶಂಕರ್, ರಾಜಕಾರಣಿ ಧರ್ಮಾಧಿಕಾರಿಯಾಗಿ ಅನಂತ್ ನಾಗ್, ಬದುಕುಳಿದ ಬಡವನಾಗಿ ರಮೇಶ್ ಭಟ್. ಅನಂತ್ ನಾಗ್ ಖಳನ ಹಾಗೆ ಹುಬ್ಬು ಗಂಟಿಕ್ಕಿ ಗುಡುಗುವುದಿಲ್ಲ. ಮಗನನ್ನು ಉಳಿಸಿಕೊಳ್ಳಲು ಹೊರಟ ಅಪ್ಪನೂ ಚುನಾವಣೆಯ ಲೆಕ್ಕ ಹಾಕುವ ರಾಜಕಾರಣಿಯೂ ಆ ಒಂದೇ ಮುಖದಲ್ಲಿದ್ದಾರೆ, ಯಾವ ಗಳಿಗೆಯಲ್ಲಿ ಯಾರು ಎಂದು ಹೇಳಲಾಗದ ಹಾಗೆ. ಇಲ್ಲೂ ಹಾಡಿಲ್ಲ. ಸಂಗೀತ ಇಳಯರಾಜ ಅವರದು, ಇಡೀ ಕೆಲಸ ಹಿನ್ನೆಲೆಯಲ್ಲೇ. ಅದು ಎಲ್ಲಿ ಬರುತ್ತದೆ ಎಂಬುದಕ್ಕಿಂತ ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಕಿವಿಗೊಡಿ. 1984ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸಾಮಾಜಿಕ ಸಮಸ್ಯೆ ಕುರಿತ ಅತ್ಯುತ್ತಮ ಚಿತ್ರವೆಂಬ ಗೌರವ ಅದಕ್ಕೆ ಸಿಕ್ಕಿತು. ಕಾರು ಹರಿಸಿ ಪಾರಾದ ದೊಡ್ಡವರ ಮಕ್ಕಳ ಸುದ್ದಿ ಓದಿದಾಗಲೆಲ್ಲ ನನಗೆ ಈ ಚಿತ್ರ ನೆನಪಾಗುತ್ತದೆ. ಬೇಸರವೆಂದರೆ, ಆಗಾಗ ನೆನಪಾಗುತ್ತಲೇ ಇರುತ್ತದೆ.

ಇದಕ್ಕೆ ಮೊದಲು, 1980ರಲ್ಲಿ, ಶಂಕರ್ ನಾಗ್ ನಿರ್ದೇಶಕರಾಗಿ ಕಾಲಿಟ್ಟದ್ದು ‘ಮಿಂಚಿನ ಓಟ’ದಿಂದ. ಕಾರು ಕದಿಯುವವರು, ಜೈಲು, ಜೈಲಿನಿಂದ ತಪ್ಪಿಸಿಕೊಳ್ಳುವುದು. ಶಂಕರ್, ಅವರ ಅಣ್ಣ ಅನಂತ್ ನಾಗ್ ಇಬ್ಬರೂ ಕಳ್ಳರಾಗಿ ನಟಿಸಿದ್ದಾರೆ, ಜೊತೆಗೆ ಲೋಕನಾಥ್. ಈ ಚಿತ್ರದಲ್ಲಿ ಲೋಕನಾಥರನ್ನು ನೋಡಿ ಎಂದಷ್ಟೇ ಹೇಳುತ್ತೇನೆ.

ಕಾಶಿನಾಥ್ ಹೆಸರು ಹೇಳಿದರೆ ಇಂದಿಗೂ ಜನ ‘ಅನುಭವ’ವನ್ನು ನೆನೆಸಿಕೊಂಡು ಮುಸಿಮುಸಿ ನಗುತ್ತಾರೆ. ಅದಕ್ಕೂ ಆರು ವರ್ಷ ಹಿಂದೆ, 1978ರಲ್ಲಿ, ಅವರು ‘ಅಪರಿಚಿತ’ ಮಾಡಿದ್ದರು. ಸುರೇಶ್ ಹೆಬ್ಳೀಕರ್, ಶೋಭಾ, ‘ಚೋಮನ ದುಡಿ’ಯ ವಾಸುದೇವರಾವ್ ನಟಿಸಿದ ಈ ಚಿತ್ರದಲ್ಲಿ ದೊಡ್ಡ ತಾರೆಯರಿಲ್ಲ. ಅದೇ ಅದರ ಬಲ. ತಾರೆಯಿದ್ದರೆ ಅವನು ಸಾಯುವುದಿಲ್ಲ, ಕೆಟ್ಟವನಾಗುವುದಿಲ್ಲ ಎಂದು ನಮಗೆ ಮೊದಲೇ ಗೊತ್ತಿರುತ್ತದೆ, ಅರ್ಧ ಭಯ ಅಲ್ಲೇ ಇಳಿದುಹೋಗುತ್ತದೆ. ತಾರೆಯಿಲ್ಲದ ಕಡೆ ಯಾರಿಗೆ ಏನು ಬೇಕಾದರೂ ಆಗಬಹುದು. ಎಲ್.ವೈದ್ಯನಾಥನ್ ಅವರ ಸಂಗೀತದಲ್ಲಿ ವಾಣಿ ಜಯರಾಂ ಹಾಡಿದ ಹಾಡು ಮಾತ್ರ ಜನರ ಬಾಯಲ್ಲಿ ಉಳಿಯಿತು, ಚಿತ್ರ ಮರೆತುಹೋಯಿತು. ಕಾಶಿನಾಥರ ಶಿಷ್ಯ ಉಪೇಂದ್ರ 1993ರಲ್ಲಿ ‘ಶ್!’ ಮಾಡಿದಾಗ, ಸಿನಿಮಾ ಚಿತ್ರೀಕರಣದ ತಂಡವೊಂದರ ಸುತ್ತಲೇ ಭಯದ ಕತೆ ಹೆಣೆದರು. ಗುರುವಿನ ಚಿತ್ರ ನೋಡಿ ಅದರ ಬೆನ್ನಿಗೇ ಶಿಷ್ಯನದನ್ನು ನೋಡಿದರೆ ಒಂದು ಮನೆತನದ ಕಸುಬು ಕಣ್ಣಿಗೆ ಬೀಳುತ್ತದೆ.

ಹಳೆಯ ಚಿತ್ರ ನೋಡುವಾಗ ಹೊಸಬರು ಎಡವುವ ಒಂದು ಜಾಗವಿದೆ. ಇಂದಿನ ವೇಗ, ಇಂದಿನ ಗ್ರಾಫಿಕ್ಸ್ ಕಣ್ಣಲ್ಲಿಟ್ಟುಕೊಂಡು ಅಳೆಯುವುದು. 1968ರ ‘ಜೇಡರ ಬಲೆ’ಯನ್ನು ಹಾಗೆ ನೋಡಿದರೆ ಕಪ್ಪುಬಿಳುಪಿನ ಸೆಟ್ಟುಗಳು, ಗುಂಡಿ ಒತ್ತಿದರೆ ತೆರೆಯುವ ಬಾಗಿಲುಗಳು ನಗು ತರಿಸಬಹುದು. ಆದರೆ ಅದನ್ನು ಆ ದಿನದ ಪ್ರೇಕ್ಷಕರ ಜಾಗದಲ್ಲಿ ಕೂತು ನೋಡಿ. ಎರಡು ವರ್ಷದ ಹಿಂದೆ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರ ಸ್ವಾಮಿಗಳಾಗಿ ಕೈಮುಗಿಸಿಕೊಂಡ ರಾಜ್‌ಕುಮಾರ್, ಹಿಂದಿನ ವರ್ಷ ಇಮ್ಮಡಿ ಪುಲಿಕೇಶಿಯಾಗಿ ಕತ್ತಿ ಹಿಡಿದ ರಾಜ್‌ಕುಮಾರ್, ಈಗ ಸೂಟು ತೊಟ್ಟು ಪಿಸ್ತೂಲು ಹಿಡಿದು ಸಿಐಡಿ 999 ಆಗಿ ನಿಂತಿದ್ದಾರೆ! ನಮ್ಮ ಭಾಷೆ ಮಾತಾಡುವ ಬಾಂಡ್. ಛಾಯಾಗ್ರಾಹಕರಾಗಿದ್ದ ದೊರೈರಾಜ್ ಅವರು ಭಗವಾನ್ ಜೊತೆ ಸೇರಿ ದೊರೈ–ಭಗವಾನ್ ಹೆಸರಿನಲ್ಲಿ ಕಟ್ಟಿದ ಈ ಸರಣಿ ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಎಂದು ಸಾಗಿ, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಮುಗಿಯಿತು. ಆ ಕೊನೆಯ ಚಿತ್ರದಲ್ಲಿ ಅಣ್ಣಾವ್ರು ಹಾಡಿದ ಇಂಗ್ಲಿಷ್ ಹಾಡು ಎಲ್ಲರಿಗೂ ಗೊತ್ತು. ಸರಣಿಯ ನಾಲ್ಕೂ ಚಿತ್ರಗಳನ್ನು ನೋಡಿದವರು ಕಡಿಮೆ. ಜಿ.ಕೆ. ವೆಂಕಟೇಶ್ ಅವರ ವಾದ್ಯಮೇಳ ಕೇಳುವುದಕ್ಕಾದರೂ ನೋಡಬೇಕು.

‘ಕಾಪಿ’ ಎಂಬ ಮಾತನ್ನೂ ಸ್ವಲ್ಪ ಪಕ್ಕಕ್ಕಿಡಿ. 1990ರ ದಶಕದ ಮೊದಲ ಭಾಗದಲ್ಲಿ ಬಂದ ದೇಸಾಯಿಯವರ ‘ನಿಷ್ಕರ್ಷ’ದಲ್ಲಿ ಬಹುಮಹಡಿ ಕಟ್ಟಡದ ಬ್ಯಾಂಕಿಗೆ ನುಗ್ಗಿದವರು ಜನರನ್ನು ಒತ್ತೆಯಿಟ್ಟುಕೊಳ್ಳುತ್ತಾರೆ. ಹಾಲಿವುಡ್ಡಿನ ‘ಡೈ ಹಾರ್ಡ್’ ಅದರ ಹಿಂದಿದೆ, ನಿಜ. ಆದರೆ ಆ ಕಾಲದ ಕನ್ನಡ ಚಿತ್ರದ ಹಣದಲ್ಲಿ ಒಂದು ಕಟ್ಟಡವನ್ನೇ ರಣರಂಗ ಮಾಡಿ, ವಿಷ್ಣುವರ್ಧನ್ ಅವರಂಥ ತಾರೆಗೆ ಒಂದು ಹಾಡೂ ಕೊಡದೆ, ಕಮ್ಯಾಂಡೊ ಪಾತ್ರದಲ್ಲಿ ಬಿಗಿಯಾಗಿ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಎದುರಾಳಿಯಾಗಿ ನಟಿಸಿ ಚಿತ್ರವನ್ನು ನಿರ್ಮಿಸಿದ ಬಿ.ಸಿ. ಪಾಟೀಲರು ಮೊದಲು ಪೊಲೀಸ್ ಅಧಿಕಾರಿಯಾಗಿದ್ದವರು. 2019ರಲ್ಲಿ ಇದು ಮತ್ತೆ ಚಿತ್ರಮಂದಿರಕ್ಕೆ ಬಂತು.

ಅದೇ ದೇಸಾಯಿಯವರು 1995ರಲ್ಲಿ ಮಾಡಿದ ‘ಬೆಳದಿಂಗಳ ಬಾಲೆ’ಯನ್ನು ಪ್ರೇಮಕತೆಯ ಸಾಲಿಗೆ ಸೇರಿಸುತ್ತಾರೆ. ನಾನು ಅದನ್ನು ಥ್ರಿಲ್ಲರ್ ಎಂದೇ ನೋಡುತ್ತೇನೆ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಅದರ ಮೂಲ. ಚದುರಂಗದ ಆಟಗಾರ ರೇವಂತನಿಗೆ ಒಂದು ಹೆಣ್ಣಿನ ದನಿ ಫೋನಿನಲ್ಲಿ ಬರುತ್ತದೆ, ಸಾಧ್ಯವಾದರೆ ಹುಡುಕು ಎನ್ನುತ್ತದೆ. ಅವಳ ಮುಖವನ್ನು ನಿರ್ದೇಶಕರು ನಮಗೆ ತೋರಿಸುವುದೇ ಇಲ್ಲ. ಪತ್ತೇದಾರಿ ಕತೆಯ ಎಲ್ಲ ಸಾಮಾನೂ ಇಲ್ಲಿದೆ, ಸುಳಿವು, ಗಡುವು, ಬೆನ್ನಟ್ಟುವಿಕೆ. ಕೊಲೆ ಮಾತ್ರ ಇಲ್ಲ. ಕರೆ ಮಾಡಿದವರ ನಂಬರು ಪರದೆಯ ಮೇಲೆ ಮೂಡುವ ಇಂದಿನ ಫೋನಿನಲ್ಲಿ ಈ ಕತೆ ನಡೆಯುವುದೇ ಇಲ್ಲ. ಹಳೆಯ ಥ್ರಿಲ್ಲರುಗಳಲ್ಲಿ ದೂರಕ್ಕೆ ಬೆಲೆಯಿತ್ತು. ಲ್ಯಾಂಡ್‌ಲೈನ್ ಗಂಟೆ ಹೊಡೆಯುತ್ತಿರುವಾಗ ಎತ್ತಬೇಕಾದವರು ಮೆಟ್ಟಿಲ ಮೇಲಿರುತ್ತಿದ್ದರು. ಆ ಕೆಲವು ಗಳಿಗೆಯಲ್ಲೇ ಚಿತ್ರಕತೆ ಉಸಿರಾಡುತ್ತಿತ್ತು.

ಭಯದ ಚಿತ್ರಗಳಲ್ಲಿ ಒಂದನ್ನೇ ಆರಿಸುವುದಾದರೆ 1979ರ ‘ನಾ ನಿನ್ನ ಬಿಡಲಾರೆ’. ದೆವ್ವ ಹೊಕ್ಕ ಗಂಡಸಾಗಿ ಅನಂತ್ ನಾಗ್ ನಟಿಸಿದ್ದಾರೆ. ಹೆಂಗಸಿನ ಮೈಮೇಲೆ ದೆವ್ವ ಬರುವುದನ್ನೇ ನೋಡಿದ್ದ ಜನಕ್ಕೆ ಇದು ಹೊಸದು. ಗ್ರಾಫಿಕ್ಸಿನ ಆಸರೆಯಿಲ್ಲದ ಕಾಲ, ಹಾಗಾಗಿ ಕತ್ತು, ಕಣ್ಣು, ನಡಿಗೆಗಳಿಂದಲೇ ಅವರು ಹೆದರಿಸಬೇಕಿತ್ತು. ಇದಾದ ನಲವತ್ತು ವರ್ಷಕ್ಕೆ ‘ಕವಲುದಾರಿ’ಯಲ್ಲಿ ನಿವೃತ್ತ ಪೊಲೀಸ್ ಅಧಿಕಾರಿಯಾಗಿ ಅವರೇ ಮತ್ತೊಂದು ಕೊಲೆಯ ಎಳೆ ಹಿಡಿಯುತ್ತಾರೆ. ಈ ಒಬ್ಬ ನಟನ ಬೆನ್ನು ಹತ್ತಿಕೊಂಡು ಹೋದರೂ ಸಾಕು, ಕನ್ನಡ ಥ್ರಿಲ್ಲರಿನ ಚರಿತ್ರೆಯ ಬಹುಪಾಲು ಸಿಗುತ್ತದೆ.

ಪ್ರತಿಯ ಬಗ್ಗೆ ಒಂದು ಮಾತು. ಈ ಚಿತ್ರಗಳಲ್ಲಿ ಹಲವು ಇಂದು ಸಿಗುವುದು ಟಿವಿಯಿಂದ ಹಿಡಿದಿಟ್ಟ ಮಸುಕು ಪ್ರತಿಗಳಲ್ಲಿ. ಮೂಲೆಯಲ್ಲಿ ಚಾನೆಲ್ಲಿನ ಗುರುತು, ಪರದೆ ತುಂಬಲೆಂದು ಮೇಲೆ ಕೆಳಗೆ ಕತ್ತರಿಸಿದ ಚಿತ್ರ, ನಡುವೆ ಹಾರಿಹೋದ ತುಣುಕುಗಳು. ಒಂದಕ್ಕಿಂತ ಹೆಚ್ಚು ಪ್ರತಿ ಸಿಕ್ಕರೆ ಹೋಲಿಸಿ, ಉದ್ದ ಹೆಚ್ಚಿರುವುದನ್ನು ಆರಿಸಿ. ದೀಪ ಆರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ. ಬಣ್ಣ ಮಾಸಿರಬಹುದು, ಸದ್ದು ಬಹುಮಟ್ಟಿಗೆ ಉಳಿದಿರುತ್ತದೆ. ಮೊಬೈಲಿನಲ್ಲಿ ಓಡಿಸಿ ಓಡಿಸಿ ನೋಡಬೇಡಿ. ಈ ಚಿತ್ರಗಳು ಕಾಯಿಸುವುದರಿಂದಲೇ ಬದುಕಿವೆ.

ಫಿಲ್ಮಿಗೆ ಆಯುಸ್ಸು ಕಡಿಮೆ. ಸೆಕೆ, ತೇವದಲ್ಲಿಟ್ಟ ಹಳೆಯ ರೀಲು ಕೊಳೆಯುತ್ತದೆ, ಡಬ್ಬಿ ತೆರೆದರೆ ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ. ಆ ವಾಸನೆ ಬಂತೆಂದರೆ ಚಿತ್ರ ಸಾಯತೊಡಗಿದೆ ಎಂದರ್ಥ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯವಿದೆ. ನಿಮ್ಮ ಮನೆಯವರು ನಿರ್ಮಾಪಕರೋ ಹಂಚಿಕೆದಾರರೋ ಟಾಕೀಸಿನವರೋ ಆಗಿದ್ದು, ಅಟ್ಟದ ಮೇಲೆ ತಗಡಿನ ಡಬ್ಬಿಗಳಿದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ, ಆ ಸಂಗ್ರಹಾಲಯಕ್ಕೆ ತಿಳಿಸಿ. ಈ ಮಳೆಗಾಲಕ್ಕೆ ಮೊದಲು ಒಮ್ಮೆ ಹತ್ತಿ ನೋಡಿ.