ಹಸಿದ ಎಂಜಿನ್ನು

ಸಿದ್ಧರಾಮೇಶ್ವರನ ಸಂಕ್ರಾಂತಿಯ ಜಾತ್ರೆ ಕಳೆದ ಮೇಲಿನ ಚಳಿಯಲ್ಲಿ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ನಸುಕಿನಲ್ಲೇ ಹೊರಟವನು ಸುಮಾರು 40 ಕಿಲೋಮೀಟರಿನ ಆ ದಾರಿಯಲ್ಲಿ ಕಬ್ಬು ಹೇರಿಕೊಂಡು ಓಲಾಡುತ್ತ ಬರುವ ಟ್ರ್ಯಾಕ್ಟರುಗಳಿಗೆ ಮತ್ತೆ ಮತ್ತೆ ದಾರಿ ಬಿಡಬೇಕಾಗುವುದು. ಇಂಥ ಕಬ್ಬಿನ ಸಾರವೇ ಕಾಕಂಬಿಯಾಗಿ, ಎಥೆನಾಲ್ ಆಗಿ, ನಾವು ಕುಳಿತ ಗಾಡಿಯ ಟ್ಯಾಂಕನ್ನು ಸೇರುತ್ತಿದೆಯೆಂಬ ವಿಚಾರವು ನನ್ನಲ್ಲಿ ಪ್ರತಿಸಲವೂ ವಿಸ್ಮಯವನ್ನುಂಟುಮಾಡುತ್ತದೆ.

ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ದಹಿಸಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪದ್ಮಿನಿ, ಅಂಬಾಸಡರುಗಳ ಕಾಲದ ನನ್ನ ಹಳೆಯ ಕಾರಿನಲ್ಲಿ ಈ ಪ್ರಮಾಣವನ್ನು ಕಾಯುವುದು ಕಾರ್ಬುರೇಟರು: ಅದರ ಇಕ್ಕಟ್ಟಾದ ಗಂಟಲಿನಲ್ಲಿ ಗಾಳಿಯು ವೇಗದಿಂದ ಸಾಗುವಾಗ ಒತ್ತಡ ಕುಗ್ಗಿ, ಜೆಟ್ಟಿನ ಸೂಕ್ಷ್ಮ ರಂಧ್ರದಿಂದ ಪೆಟ್ರೋಲು ತಾನಾಗಿ ಮೇಲೆದ್ದು ಗಾಳಿಯೊಡನೆ ಬೆರೆಯುವುದು. ಚಳಿಯಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗದುದರಿಂದ ಚೋಕ್ ಜಗ್ಗಬೇಕು. ವೈಶಾಖದ ಬಿಸಿಲಿನಲ್ಲಿ ಗಾಳಿ ವಿರಳವಾದುದನ್ನು ಜೆಟ್ಟು ಅರಿಯದೆ ತುಸು ಹೆಚ್ಚೇ ಸುರಿಯುವುದು. ಒಮ್ಮೆ ಎಳೆತ ತಗ್ಗಿದ ಈ ಕಾರನ್ನು ಅಕ್ಕಲಕೋಟೆ ರಸ್ತೆಯ ವೃದ್ಧ ಮಿಸ್ತ್ರಿಯೊಬ್ಬರ ಮುಂದೆ ನಿಲ್ಲಿಸಿದಾಗ, ಅವರು ಪ್ಲಗ್ಗನ್ನು ಬಿಚ್ಚಿ, ಅಂಗೈಯಲ್ಲಿ ಹೊರಳಿಸಿ, ಸುಣ್ಣದಂತೆ ಬೆಳ್ಳಗಾಗಿದ್ದ ಅದರ ತುದಿಯನ್ನು ತೋರಿಸಿ, "ಗಾಡಿ ಹಸದದರೀ ಸಾಹೇಬ್ರ, ಪೆಟ್ರೋಲ್ ಕಮ್ಮಿ ಬೀಳಾಕತ್ತದ" ಎಂದರು. ಮಸಿ ಹಿಡಿದಿದ್ದರೆ ಪೆಟ್ರೋಲು ಅತಿಯಾಯಿತೆಂದೂ, ಬಿಸ್ಕೀಟಿನ ಬಣ್ಣ ಬಂದರೆ ಹದವೆಂದೂ ನಾನು ಕಲಿತದ್ದು ಅಂದೇ. ಧೂಳು ಕಟ್ಟಿದ್ದ ಜೆಟ್ಟನ್ನು ಊದಿ ಶುಚಿಗೊಳಿಸಿ, ಮಿಶ್ರಣದ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ, ಅವರು ಕಣ್ಣು ಮುಚ್ಚಿ ಎಂಜಿನ್ನಿಗೆ ಕಿವಿಗೊಟ್ಟು ನಿಂತ ಭಂಗಿಯನ್ನು ನಾನು ಮರೆತಿಲ್ಲ.

ಈಗಿನ ಗಾಡಿಗಳಲ್ಲಿ ಆ ಕಿವಿಯ ಕಾರ್ಯವನ್ನು ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರು ವಹಿಸಿಕೊಂಡಿದೆ. ಉರಿದು ಹೊರಬಂದ ಅನಿಲದಲ್ಲಿ ಉಳಿದ ಆಮ್ಲಜನಕವನ್ನು ಗ್ರಹಿಸಿ, ಇಂಧನ ಹೆಚ್ಚಿದ್ದರೆ 0.9 ವೋಲ್ಟಿನ ಸಮೀಪಕ್ಕೆ ಏರುವ, ಕೊರತೆಯಾದರೆ 0.1ರ ಸಮೀಪಕ್ಕೆ ಇಳಿಯುವ ಅದರ ಸಂಜ್ಞೆಯನ್ನೂ, ಒಳಬರುವ ಗಾಳಿಯ ಒತ್ತಡ ಉಷ್ಣತೆಗಳನ್ನೂ, ಎಂಜಿನ್ನಿನ ನೀರಿನ ಬಿಸುಪನ್ನೂ ಗಣಿಸಿ, ಇಸಿಯು ಎಂಬ ಪುಟ್ಟ ಗಣಕವು ಇಂಜೆಕ್ಟರು ಎಷ್ಟು ಮಿಲಿಸೆಕೆಂಡು ತೆರೆದಿರಬೇಕೆಂದು ಗೊತ್ತುಮಾಡುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 25 ಸಲ ಇಂಧನವನ್ನು ಹೀಗೆ ಅಳೆದು ಕೊಡುವ ಅದರ ತಾಳ್ಮೆಗೆ ನಾನು ಮನಸಾರೆ ತಲೆಬಾಗುತ್ತೇನೆ.

ಎಥೆನಾಲ್ ತನ್ನ ಅಣುವಿನಲ್ಲೇ ಆಮ್ಲಜನಕವನ್ನು ಹೊತ್ತಿರುವುದರಿಂದ ಅದಕ್ಕೆ 9 ಪಾಲು ಗಾಳಿಯೇ ಸಾಕು. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ 13.5ರಷ್ಟು. ಅಂದರೆ ಅಷ್ಟೇ ಗಾಳಿಗೆ ಇಂಧನ ತುಸು ಹೆಚ್ಚು ಬೇಕಾಯಿತು. ಹೊಸ ಗಾಡಿಯು ಅದನ್ನು ಸೆನ್ಸರಿನಿಂದ ತಿಳಿದು ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಡುವುದು. ತಿಳಿಯುವ ಇಂದ್ರಿಯವೇ ಇಲ್ಲದ ಹಳೆಯ ಕಾರ್ಬುರೇಟರಿನ ಎಂಜಿನ್ನು ಮತ್ತೆ ಹಸಿಯುವುದು. ಆದುದರಿಂದ ರಬ್ಬರು ಪೈಪುಗಳನ್ನು ಎಥೆನಾಲ್ ತಾಳುವಂಥವುಗಳಿಗೆ ಬದಲಿಸಿ, ಒಂದಳತೆ ದೊಡ್ಡ ಜೆಟ್ಟನ್ನು ಹಾಕಿಸಿ, ಕಳೆದ ವಾರ ಅಕ್ಕಲಕೋಟೆಯವರೆಗೆ ಹೋಗಿ, ಅಲ್ಲಿ ಬೇವಿನ ನೆರಳಿನಲ್ಲಿ ಪ್ಲಗ್ಗನ್ನು ಬಿಚ್ಚಿ ನೋಡಿದೆನು. ಬಿಳುಪು ಹೋಗಿತ್ತು; ಬಿಸ್ಕೀಟಿನ ಬಣ್ಣ ಮಾತ್ರ ಇನ್ನೂ ಪೂರ್ತಿ ಬಂದಿರಲಿಲ್ಲ. ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ ಮರಳಿ ಹೊರಟೆನು.